ನಕ್ಸಲ್ ಶರಣಾಗತಿ ನೀತಿ: ಜನ ಪದೇ ಪದೇ ಕೇಳೋ ಪ್ರಶ್ನೆಗಳು, ಗೊತ್ತಿದ್ದಷ್ಟು ಉತ್ತರ

ನಾನು ಮಲೆನಾಡಿನ ಒಂದು ತಾಲೂಕು ಕೋರ್ಟಲ್ಲಿ ವಕೀಲಿ ಮಾಡೋನು. 2025ರ ಜನವರಿಯಲ್ಲಿ ಆರು ಜನ ನಕ್ಸಲರು ಕಾಡಿಂದ ಹೊರಗೆ ಬಂದಾಗಿಂದ ಮದುವೆ ಮನೆ, ಅಡಿಕೆ ಮಂಡಿ, ಕೋರ್ಟ್ ಕ್ಯಾಂಟೀನು ಎಲ್ಲಿ ಹೋದ್ರೂ ಒಂದೇ ತರದ ಪ್ರಶ್ನೆ. ಬೆಂಗಳೂರಿನ ನೆಂಟರು ಬೇರೆ ಧಾಟಿಲಿ ಕೇಳ್ತಾರೆ, ಊರಿನೋರು ಬೇರೆ ಧಾಟಿಲಿ, ದುಬೈಲಿರೋ ಕ್ಲಾಸ್‌ಮೇಟು ಮಧ್ಯರಾತ್ರಿ ವಾಯ್ಸ್ ಮೆಸೇಜ್ ಕಳಿಸ್ತಾನೆ. ಎಲ್ಲರಿಗೂ ಒಂದೊಂದ್ ಸಲ ಹೇಳಿ ಸಾಕಾಯ್ತು, ಅದಕ್ಕೆ ಬರೆದು ಇಡ್ತಿದೀನಿ. ಪ್ರಶ್ನೆಗಳು ಅವರವರ ಬಾಯಲ್ಲಿ ಬಂದ ಹಾಗೇ ಇವೆ, ಉತ್ತರ ನಂದು.

## ಶುರುವಿಂದ

ನಮ್ ಕಡೆಗೆ ಈ ನಕ್ಸಲರು ಬಂದಿದ್ದಾದ್ರೂ ಯಾಕೆ? ಇಲ್ಲಿ ಜಮೀನ್ದಾರಿ ಏನೂ ಇರ್ಲಿಲ್ವಲ್ಲ?

ಒಳ್ಳೆ ಪ್ರಶ್ನೆ. 1967ರಲ್ಲಿ ಬಂಗಾಳದ ನಕ್ಸಲ್‌ಬಾರಿಯಲ್ಲಿ ಶುರುವಾದ್ದು ಆಂಧ್ರದ ದಾರಿಲಿ ಮೊದಲು ರಾಯಚೂರು ಕಡೆ ಬಂತು. ಮಲೆನಾಡಿಗೆ ಬಂದಿದ್ದು ಆಮೇಲೆ, 2000ದ ಆಚೀಚೆ. ಇಲ್ಲಿ ಅವರಿಗೆ ಸಿಕ್ಕಿದ ನೆಲ ಯಾವುದಪ್ಪ ಅಂದ್ರೆ ಕುದುರೆಮುಖ ರಾಷ್ಟ್ರೀಯ ಉದ್ಯಾನ. 1987ರಲ್ಲಿ ಮೊದಲ ಅಧಿಸೂಚನೆ ಆಗಿತ್ತು, 2001ರಲ್ಲಿ ಅಂತಿಮ ಅಧಿಸೂಚನೆ ಬಂತು, ಸುಮಾರು 600 ಚದರ ಕಿಲೋಮೀಟರು. ಒಳಗಿದ್ದ ಮಲೆಕುಡಿಯರು, ಗೌಡ್ಲು, ಸಣ್ಣ ಹಿಡುವಳಿಯೋರಿಗೆಲ್ಲ ನಾಳೆ ಎತ್ತಂಗಡಿ ಆಗುತ್ತೆ ಅನ್ನೋ ಭಯ. ಅದೇ ಕಾಡಿನ ಮಧ್ಯೆ ಕಬ್ಬಿಣದ ಅದಿರಿನ ಗಣಿ ಮಾತ್ರ ಆರಾಮಾಗಿ ನಡೀತಿತ್ತು, ಸುಪ್ರೀಂ ಕೋರ್ಟ್ ಹೇಳಿ ಅದು ನಿಂತಿದ್ದು 2005ರ ಕೊನೇಲಿ. ಅಜ್ಜನ ಕಾಲದ ಏಲಕ್ಕಿ ತೋಟ ಬಿಡು ಅಂತಾರೆ, ಗುಡ್ಡ ಅಗೆಯೋನಿಗೆ ಪರ್ಮಿಟ್ ಇದೆ ಅಂದ್ರೆ ಹುಡುಗರ ತಲೆ ಬಿಸಿಯಾಗದೆ ಇರುತ್ತಾ? ಬಂದೂಕು ಸರಿ ಅಂತ ನಾನು ಹೇಳ್ತಿಲ್ಲ. ಬಂದೂಕು ಹಿಡಿದೋರು ಊರಿಗೆ ಬಂದಾಗ ಒಂದು ಊಟ ಹಾಕಿದ ಮನೆಗಳು ಯಾಕೆ ಇದ್ವು ಅನ್ನೋದು ಇದರಿಂದ ಅರ್ಥ ಆಗುತ್ತೆ, ಅಷ್ಟೇ.

ಇಲ್ಲಿ ಅಂಥಾದ್ದೇನು ಆಗಿತ್ತು, ಛತ್ತೀಸ್‌ಗಢದ ಹಾಗೆ ಏನೂ ಆಗಿಲ್ಲ ಅಲ್ವಾ?

ಅಷ್ಟು ದೊಡ್ಡದು ಆಗಿಲ್ಲ, ಆದ್ರೆ ಏನೂ ಆಗಿಲ್ಲ ಅಂತಲೂ ಇಲ್ಲ. 2003ರ ನವೆಂಬರ್ 17ಕ್ಕೆ ಕಾರ್ಕಳದ ಹತ್ರ ಈದುವಿನಲ್ಲಿ ಎನ್‌ಕೌಂಟರ್, ಹಾಜಿಮಾ ಮತ್ತೆ ಪಾರ್ವತಿ ಅನ್ನೋ ಇಬ್ಬರು ನಕ್ಸಲ್ ಹೆಣ್ಣುಮಕ್ಕಳು ಸತ್ತರು. 2005ರ ಫೆಬ್ರವರಿ 6ಕ್ಕೆ ಮೆಣಸಿನಹಾಡ್ಯದ ಹತ್ರ ನಕ್ಸಲ್ ನಾಯಕ ಸಾಕೇತ್ ರಾಜನ್, ಜೊತೆಗೆ ಶಿವಲಿಂಗ ಸತ್ತರು. ಮಾತುಕತೆ ನಡೀಲಿ ಅಂತ ಗೌರಿ ಲಂಕೇಶ್ ಮತ್ತೆ ಕೆಲವರು ಓಡಾಡ್ತಿದ್ದ ಹೊತ್ತದು, ಅಲ್ಲಿಗೆ ಅದು ಮುರೀತು. ವಾರ ತುಂಬೋದ್ರೊಳಗೆ ನಕ್ಸಲರು ಪಾವಗಡದ ವೆಂಕಟಮ್ಮನಹಳ್ಳಿಲಿ ಕೆಎಸ್‌ಆರ್‌ಪಿ ಕ್ಯಾಂಪಿಗೆ ನುಗ್ಗಿ ಪೊಲೀಸರನ್ನ ಕೊಂದ್ರು, ಆ ಪೇದೆಗಳೂ ಹಳ್ಳಿ ಮನೆ ಮಕ್ಕಳೇ. ಅದೇ ವರ್ಷ ನಕ್ಸಲ್ ನಿಗ್ರಹ ಪಡೆ, ಅಂದ್ರೆ ಎಎನ್‌ಎಫ್, ಕಾರ್ಕಳದಲ್ಲಿ ಬಂದು ಕೂತಿತು. ಮಾಹಿತಿದಾರ ಅಂತ ಹೆಸರಿಟ್ಟು ಹಳ್ಳಿಯೋರನ್ನೇ ಕೊಂದಿದ್ದೂ ಇದೆ, ಅದನ್ನ ಕೆಲವರು ಹೇಳೋದೇ ಇಲ್ಲ.

ಶರಣಾಗತಿ ನೀತಿ ಅಂದ್ರೆ ಸಿಂಪಲ್ಲಾಗಿ ಏನು?

ಬಂದೂಕು ಇಡು, ಸರ್ಕಾರದ ಮುಂದೆ ಬಾ, ನಿನ್ನ ಎನ್‌ಕೌಂಟರ್ ಮಾಡಲ್ಲ, ಕೇಸು ಕೋರ್ಟಲ್ಲಿ ನಡೆಯುತ್ತೆ, ಬದುಕು ಕಟ್ಟಿಕೊಳ್ಳೋಕೆ ಕಂತಲ್ಲಿ ದುಡ್ಡು, ಕೆಲಸ ಕಲಿಯೋಕೆ ಸ್ಟೈಪೆಂಡು, ವಕೀಲರ ನೆರವು ಕೊಡ್ತೀವಿ ಅನ್ನೋ ಸರ್ಕಾರಿ ಮಾತು. ಮಾತು ಅನ್ನೋ ಪದ ಬೇಕಂತಲೇ ಹಾಕಿದೀನಿ. ಇದು ಕಾಯ್ದೆ ಅಲ್ಲ, ಸರ್ಕಾರದ ಆದೇಶ. ಸರ್ಕಾರ ಬದಲಾದ್ರೆ ಆದೇಶನೂ ಬದಲಾಗಬಹುದು. ಕಾಡಲ್ಲಿರೋರಿಗೂ ಇದು ಗೊತ್ತು.

ದುಡ್ಡು ಎಷ್ಟು ಕೊಡ್ತಾರೆ ಸಾರ್? ಕೋಟಿ ಅಂತಾರೆ ಕೆಲವರು

ಕೋಟಿ ಗೀಟಿ ಏನೂ ಇಲ್ಲ ಮಾರಾಯ್ರೆ. 2024ರಲ್ಲಿ ಪರಿಷ್ಕಾರ ಆದ ರಾಜ್ಯದ ನೀತಿ ಪ್ರಕಾರ ಎ ಕೆಟಗರಿ, ಅಂದ್ರೆ ನಮ್ಮ ರಾಜ್ಯದವರೇ ಆಗಿದ್ದು ಕೇಸುಗಳಿರೋರಿಗೆ 7.5 ಲಕ್ಷ. ಬೇರೆ ರಾಜ್ಯದೋರಿಗೆ ಬಿ ಕೆಟಗರಿ, 4 ಲಕ್ಷ. ಕೊರಿಯರ್ ತರ ಸಣ್ಣಪುಟ್ಟ ಸಹಾಯ ಮಾಡಿದೋರಿಗೆ ಸಿ ಕೆಟಗರಿ, 2 ಲಕ್ಷ. ಒಂದೇ ಸಲಕ್ಕೆ ಕೈಗೆ ಬರಲ್ಲ. ಆಯುಧ ಒಪ್ಪಿಸಿದ್ರೆ ಅದಕ್ಕೆ ಬೇರೆ ಪ್ರೋತ್ಸಾಹಧನ. ಕೇಂದ್ರದ ಸ್ಕೀಮು ಬೇರೆ ಲೆಕ್ಕ: ಮೇಲಿನ ಹಂತದೋರಿಗೆ 5 ಲಕ್ಷ, ಕೆಳಗಿನೋರಿಗೆ 2.5 ಲಕ್ಷ, ಮೂರು ವರ್ಷ ತಿಂಗಳಿಗೆ 10,000. ಇವತ್ತು ನಮ್ಮ ಕಡೆ ಒಂದು ಎಕರೆ ಅಡಿಕೆ ತೋಟದ ರೇಟು ಕೇಳಿ, ಆಮೇಲೆ 7.5 ಲಕ್ಷ ಜಾಸ್ತಿ ಆಯ್ತಾ ಕಮ್ಮಿ ಆಯ್ತಾ ನೀವೇ ಹೇಳಿ.

## ಸ್ವಲ್ಪ ಒಳಗೆ

ಕೊಲೆ ಕೇಸ್ ಇರೋರಿಗೆ ಗುಲಾಬಿ ಹೂ, ನಾವು ಟ್ಯಾಕ್ಸ್ ಕಟ್ಟೋರಿಗೆ ಏನು?

ಅತೀ ಹೆಚ್ಚು ಕೇಳೋ ಪ್ರಶ್ನೆ ಇದೇ, ಕೇಳೋದ್ರಲ್ಲಿ ತಪ್ಪಿಲ್ಲ. 2025ರ ಜನವರಿ 8ಕ್ಕೆ ಮುಂಡಗಾರು ಲತಾ, ಸುಂದರಿ ಕುತ್ಲೂರು, ವನಜಾಕ್ಷಿ ಬಾಳೆಹೊಳೆ, ಮಾರೆಪ್ಪ ಅರೋಲಿ, ತಮಿಳುನಾಡಿನ ವಸಂತ, ಕೇರಳದ ಜಿಶಾ ಬೆಂಗಳೂರಲ್ಲಿ ಮುಖ್ಯಮಂತ್ರಿಗಳ ಗೃಹ ಕಚೇರಿ ಕೃಷ್ಣಾದಲ್ಲಿ ಶರಣಾದಾಗ ಸಿದ್ದರಾಮಯ್ಯ ಗುಲಾಬಿ ಮತ್ತೆ ಸಂವಿಧಾನದ ಪ್ರತಿ ಕೊಟ್ಟಿದ್ದು ಎಲ್ಲಾ ಟೀವಿಲೂ ಬಂತು. ಮೊದಲು ಚಿಕ್ಕಮಗಳೂರಲ್ಲಿ ಅಂತ ಇದ್ದಿದ್ದು ಕೊನೇ ಗಳಿಗೇಲಿ ಬೆಂಗಳೂರಿಗೆ ಹೋಯ್ತು, ನಮ್ಮ ಕಡೆಯೋರು ಸುಮ್ನೆ ಡಿಸಿ ಆಫೀಸ್ ಮುಂದೆ ಕಾದಿದ್ದಷ್ಟೇ ಬಂತು. ಆ ಫೋಟೋ ನೋಡಿದಾಗ ಪಾವಗಡದಲ್ಲಿ ಸತ್ತ ಪೇದೆ ಮನೆಯೋರಿಗೆ ಹೆಂಗಾಗಿರಬೇಡ ಅಂತ ನನಗೂ ಅನ್ನಿಸ್ತು. ಹೂವಿನ ಫೋಟೋ ಇಲ್ದೆನೂ ಕೆಲಸ ಆಗ್ತಿತ್ತು ಅನ್ನೋದು ನನ್ನ ಅಭಿಪ್ರಾಯ, ರಾಜಕೀಯದೋರಿಗೆ ಫೋಟೋ ಬೇಕು ಏನ್ ಮಾಡೋದು.

ಆದ್ರೆ ಹೂ ತಗೊಂಡೋರು ಅಲ್ಲಿಂದ ಹೋಗಿದ್ದು ಮನೆಗಲ್ಲ, ಕೋರ್ಟಿಗೆ, ಕೋರ್ಟಿಂದ ಜೈಲಿಗೆ. ಟೀವಿಯೋರು ಅದನ್ನ ಅಷ್ಟು ತೋರಿಸಲಿಲ್ಲ.

ದುಡ್ಡಿನ ಆಸೆಗೇ ಬರ್ತಾರೆ ಅಲ್ವಾ ಕೊನೆಗೆ?

ದುಡ್ಡಿನ ಆಸೆ ಇದ್ದೋರು ಇಪ್ಪತ್ತು ವರ್ಷ ಮಳೆಗಾಲದಲ್ಲಿ ಪ್ಲಾಸ್ಟಿಕ್ ಶೀಟ್ ಕೆಳಗೆ ಮಲಗ್ತಾರಾ? ಆಗುಂಬೆ ಕಡೆ ಜುಲೈ ಮಳೆ ಒಂದ್ ವಾರ ನೋಡಿ, ಉಂಬಳ ಕಾಲಿಗೆ ಹತ್ತೋದನ್ನ ನೋಡಿ, ಆಮೇಲೆ ಮಾತಾಡೋಣ. ಬಂದಿದ್ದಕ್ಕೆ ಕಾರಣ ಬೇರೆ ಇವೆ. ವಯಸ್ಸಾಯ್ತು, ಹೊಸಬರು ಸೇರ್ತಿಲ್ಲ. ಬಿ.ಜಿ. ಕೃಷ್ಣಮೂರ್ತಿ ಅಂಥ ನಾಯಕರು 2021ರಲ್ಲೇ ಕೇರಳ ಪೊಲೀಸರ ಕೈಗೆ ಸಿಕ್ಕಿಬಿದ್ರು. 2024ರ ನವೆಂಬರ್ 18ಕ್ಕೆ ಹೆಬ್ರಿ ಹತ್ರ ಕಬ್ಬಿನಾಲೆಯ ಪೀತಬೈಲಿನಲ್ಲಿ ನಕ್ಸಲ್ ನಾಯಕ ವಿಕ್ರಂ ಗೌಡ ಎನ್‌ಕೌಂಟರಲ್ಲಿ ಸತ್ತ. ಅದಾಗಿ ಎರಡು ತಿಂಗಳೊಳಗೆ ಆರು ಜನ ಹೊರಗೆ ಬಂದ್ರು.

ಹಂಗಂತ ಗುಂಡಿನ ಭಯಕ್ಕೇ ಬಂದ್ರು ಅಂತಲೂ ಅಲ್ಲ. ಹಾಗಿದ್ರೆ 2005ರಲ್ಲೇ ಬರಬೇಕಿತ್ತು, ಆಗ ಬಂದಿದ್ದು ಪಾವಗಡದ ದಾಳಿ. ಹಿಂದಿನ ಸಲಕ್ಕೂ ಈ ಸಲಕ್ಕೂ ವ್ಯತ್ಯಾಸ ಏನು ಅಂದ್ರೆ ಈ ಸಲ ಮಧ್ಯದಲ್ಲಿ ಇಬ್ಬರ ಮಾತನ್ನೂ ಇಬ್ಬರಿಗೂ ಮುಟ್ಟಿಸೋರು ಇದ್ರು.

ಆ ಮಧ್ಯಸ್ಥರು ಯಾರು, ಅವರನ್ನ ಯಾಕೆ ನಂಬ್ತಾರೆ?

2014ರ ಡಿಸೆಂಬರಲ್ಲಿ ನಕ್ಸಲರಾಗಿದ್ದ ಸಿರಿಮನೆ ನಾಗರಾಜ್ ಮತ್ತೆ ನೂರ್ ಶ್ರೀಧರ್ ಚಿಕ್ಕಮಗಳೂರಲ್ಲಿ ಮುಖ್ಯವಾಹಿನಿಗೆ ಬಂದಾಗ ಜೊತೇಲಿ ನಿಂತಿದ್ದು ಸ್ವಾತಂತ್ರ್ಯ ಹೋರಾಟಗಾರ ಎಚ್.ಎಸ್. ದೊರೆಸ್ವಾಮಿ ಮತ್ತೆ ಗೌರಿ ಲಂಕೇಶ್. ದೊರೆಸ್ವಾಮಿ, ಗೌರಿ ಇಬ್ಬರೂ ಈಗಿಲ್ಲ. ಈ ಸಲ ಬಂಜಗೆರೆ ಜಯಪ್ರಕಾಶ್, ವಕೀಲ ಕೆ.ಪಿ. ಶ್ರೀಪಾಲ್ ಅವರೆಲ್ಲ ಇದ್ದ ಶರಣಾಗತಿ ಸಮಿತಿ, ಮತ್ತೆ ಶಾಂತಿಗಾಗಿ ನಾಗರಿಕ ವೇದಿಕೆಯೋರು ಓಡಾಡಿದ್ರು. ಹಿಂದೆ ಬಂದ ಸಿರಿಮನೆ ಮತ್ತೆ ನೂರ್ ಆಮೇಲೆ ರಾಜಾರೋಷವಾಗಿ ಸಭೆಗಳಲ್ಲಿ ಮಾತಾಡ್ತಿದ್ರು, ರೈತರ ಜೊತೆ, ಭೂಮಿ ಹೋರಾಟದ ಜೊತೆ ನಿಂತಿದ್ರು. ಹೊರಗೆ ಬಂದ್ರೂ ಬಾಯಿ ಮುಚ್ಚಿಕೊಂಡು ಇರಬೇಕಾಗಿಲ್ಲ ಅನ್ನೋದಕ್ಕೆ ಅವರೇ ಸಾಕ್ಷಿ. ಸರ್ಕಾರದ ಹತ್ತು ಪ್ಯಾಂಫ್ಲೆಟ್ ಮಾಡದ ಕೆಲಸ ಇದು.

ಆದ್ರೆ ಉಲ್ಟಾ ಉದಾಹರಣೆನೂ ಇದೆ. 2017ರಲ್ಲಿ ಶರಣಾದ ಕನ್ಯಾಕುಮಾರಿ ಅನ್ನೋ ಹೆಣ್ಣುಮಗಳು ಎಳೆ ಮಗು ಇದ್ರೂ ವರ್ಷಗಟ್ಟಲೆ ಜೈಲಲ್ಲೇ ಉಳೀಬೇಕಾಯ್ತು. ಕಾಡಲ್ಲಿರೋರಿಗೆ ಪೇಪರ್ ಬರಲ್ಲ ಅನ್ಕೊಂಡ್ರೆ ನಾವು ದಡ್ಡರು.

ಆಯುಧ ಎಲ್ಲೋಯ್ತು? ಬರೀ ಯೂನಿಫಾರ್ಮ್ ಕೊಟ್ರಂತೆ?

ಮೊದಲ ದಿನ ಆಯುಧ ಇರ್ಲಿಲ್ಲ, ಯೂನಿಫಾರ್ಮ್ ಕೊಟ್ಟಿದ್ದು ನಿಜ, ವಿರೋಧ ಪಕ್ಷದೋರು ನಾಟಕ ಅಂದಿದ್ದೂ ನಿಜ. ಒಂದೆರಡು ದಿನದಲ್ಲೇ ಕೊಪ್ಪ ತಾಲೂಕಿನ ಜಯಪುರ ಕಡೆ ಕಾಡಲ್ಲಿ ಎಕೆ-56 ಸಮೇತ ಬಂದೂಕುಗಳು, ಗುಂಡುಗಳು ಸಿಕ್ಕಿದ್ವು ಅಂತ ಪೊಲೀಸರೇ ಹೇಳಿದ್ರು. ಮೊದಲೇ ಇದನ್ನ ನೀಟಾಗಿ ಮಾಡಿದ್ರೆ ಅಷ್ಟು ಗಲಾಟೆನೇ ಆಗ್ತಿರಲಿಲ್ಲ.

ಈಗ ಎಲ್ಲಾ ಮುಗೀತಾ? ಕಾಡಲ್ಲಿ ಯಾರೂ ಇಲ್ವಾ?

2025ರ ಫೆಬ್ರವರಿ 1ಕ್ಕೆ ಕೋಟೆಹೊಂಡ ರವೀಂದ್ರ ಚಿಕ್ಕಮಗಳೂರಲ್ಲಿ, ಮಾರನೇ ದಿನ ತೊಂಬಟ್ಟು ಲಕ್ಷ್ಮಿ ಉಡುಪೀಲಿ ಶರಣಾದ ಮೇಲೆ ಕರ್ನಾಟಕ ನಕ್ಸಲ್ ಮುಕ್ತ ಅಂತ ಸರ್ಕಾರ ಹೇಳಿದೆ. ಶಸ್ತ್ರ ಹಿಡಿದು ಓಡಾಡೋ ನಮ್ಮೋರು ಇಲ್ಲ ಅನ್ನೋ ಅರ್ಥದಲ್ಲಿ.

ಹಳ್ಳಿ ಜನಕ್ಕೆ ಇದರಿಂದ ಏನು ಲಾಭ ಆಯ್ತು?

ಮೊದಲನೇ ಲಾಭ, ಅಕ್ಕಿ ತರಬಹುದು! ನಗಬೇಡಿ. ಆಗೆಲ್ಲ ಸಂಜೆ ಬಸ್ಸಲ್ಲಿ ಬರೋವಾಗ ಚೆಕ್‌ಪೋಸ್ಟಲ್ಲಿ ಇಳಿಸಿ ಚೀಲ ಬಿಚ್ಚಿಸೋರು. ನಮ್ಮ ಮನೇಲಿ ತಂಗಿ ಮದುವೆಗೆ ಅಂತ 50 ಕೆಜಿ ಅಕ್ಕಿ, ಒಂದು ಬಾಕ್ಸ್ ಬೆಂಕಿಪೊಟ್ಟಣ, ಟಾರ್ಚ್ ಸೆಲ್ಲು ತಂದಿದ್ದೆ. ಇಷ್ಟೆಲ್ಲ ಯಾರಿಗೆ ಅಂತ ಕೇಳಿದ್ರು. ಮದುವೆಗೆ ಸಾರ್ ಅಂದ್ರೆ ಲಗ್ನಪತ್ರಿಕೆ ತೋರ್ಸು ಅಂದ್ರು. ಪತ್ರಿಕೆ ಇನ್ನೂ ಪ್ರಿಂಟಾಗಿರಲಿಲ್ಲ, ಪ್ರೂಫ್ ಕಾಗದ ಜೇಬಲ್ಲಿತ್ತು, ಅದರಲ್ಲಿ ಅಪ್ಪನ ಹೆಸರು ತಪ್ಪಾಗಿ ಪ್ರಿಂಟಾಗಿತ್ತು, ಆ ತಪ್ಪನ್ನ ತಿದ್ದಿಸೋಕೇ ಪೇಟೆಗೆ ಹೋಗಿದ್ದು ಅಂತ ವಿವರಿಸೋದ್ರೊಳಗೆ ಬಸ್ ಹೋಗಿಬಿಟ್ಟಿತು. ಚೀಲ ಹೊತ್ಕೊಂಡು ಕತ್ತಲಲ್ಲಿ ಆರು ಕಿಲೋಮೀಟರ್ ನಡೆದಿದೀನಿ, ಟಾರ್ಚ್ ಸೆಲ್ಲು ಮಾತ್ರ ಇತ್ತು, ಟಾರ್ಚ್ ಮನೇಲಿತ್ತು. ರಾತ್ರಿ ಬಾಗಿಲು ತಟ್ಟಿದ್ರೆ ಕಾಡಿನೋರಾ ಖಾಕಿಯೋರಾ ಅಂತ ಗೊತ್ತಾಗದೆ ಅಮ್ಮ ದೀಪ ಆರಿಸಿ ಕೂರ್ತಿದ್ರು. ಅನ್ನ ಹಾಕಿದ್ರೆ ನಾಳೆ ಪೊಲೀಸು, ಹಾಕದಿದ್ರೆ ಇವತ್ತೇ ಬಂದೂಕು. ಆ ಭಯ ಹೋಯ್ತು.

ಇನ್ನು ರಸ್ತೆ, ಕರೆಂಟು, ಹಕ್ಕುಪತ್ರದ ವಿಷಯ. ನಕ್ಸಲ್ ಪ್ಯಾಕೇಜ್ ಅಂತ ಹೆಸರಲ್ಲಿ ಆಗ ದುಡ್ಡು ಬಂತು, ಕೆಲವು ಕಡೆ ಡಾಂಬರು ಆಯ್ತು, ಕೆಲವು ಕಡೆ ಬೋರ್ಡ್ ಮಾತ್ರ ಆಯ್ತು. ಕಾಡಿನ ಹಕ್ಕಿನ ಕಾಯ್ದೆ 2006ರಲ್ಲೇ ಬಂದಿದೆ, ಇನ್ನೂ ಅರ್ಜಿ ಹಿಡ್ಕೊಂಡು ತಾಲೂಕು ಆಫೀಸ್ ಮುಂದೆ ನಿಂತಿರೋ ಮಲೆಕುಡಿಯ ಅಜ್ಜಂದಿರು ನನ್ನ ಕಕ್ಷಿದಾರರು. ಮಳೆಗಾಲದಲ್ಲಿ ಅಡಿಕೆ ಮರದ ಕಾಲುಸಂಕ ದಾಟಿ ಶಾಲೆಗೆ ಹೋಗೋ ಮಕ್ಕಳು ಇನ್ನೂ ಇದ್ದಾರೆ. ಊರಲ್ಲಿ ಒಬ್ಬರು ನನಗೆ ನೇರವಾಗೇ ಕೇಳಿದ್ರು, "ಇನ್ನು ನಕ್ಸಲ್ ಇಲ್ಲ ಅಂದ್ಮೇಲೆ ನಮ್ ಸಂಕ ಯಾರು ಮಾಡ್ತಾರೆ?" ಅಂತ. ತಮಾಷೆಗೆ ಕೇಳಿದ್ರೋ ಸೀರಿಯಸ್ಸೋ ಇನ್ನೂ ಗೊತ್ತಾಗಿಲ್ಲ.

## ಕಾನೂನು ಗೊತ್ತಿರೋರು ಕೇಳೋದು

ಶರಣಾದ್ರೆ ಕೇಸೆಲ್ಲ ವಜಾ ಆಗುತ್ತಾ?

ಇಲ್ಲ. ಯಾವ ನೀತಿಗೂ ಆ ಪವರ್ ಇಲ್ಲ. ಕೇಸ್ ವಾಪಸ್ ತಗೋಬೇಕು ಅಂದ್ರೆ ಸರ್ಕಾರಿ ಅಭಿಯೋಜಕರು ಕೋರ್ಟಿಗೆ ಅರ್ಜಿ ಹಾಕಬೇಕು, ಮೊದಲು ಸಿಆರ್‌ಪಿಸಿ, ಅಂದ್ರೆ ದಂಡ ಪ್ರಕ್ರಿಯಾ ಸಂಹಿತೆ, 321ನೇ ಕಲಂ, ಈಗ ಅದರ ಜಾಗಕ್ಕೆ ಬಂದ ಬಿಎನ್‌ಎಸ್‌ಎಸ್ 360. ಕೋರ್ಟ್ ಒಪ್ಪಬೇಕು, ಸುಮ್ನೆ ಸೀಲ್ ಹೊಡೆಯಲ್ಲ. ಕೊಲೆ ಕೇಸಲ್ಲಿ ಒಪ್ಪಿಸೋದು ಕಷ್ಟ, ಒಪ್ಪಬಾರದು ಕೂಡ ಅಂತೀನಿ ನಾನು, ಸತ್ತೋರ ಮನೆಯೋರಿಗೂ ಕೋರ್ಟಲ್ಲಿ ಒಂದು ಉತ್ತರ ಸಿಗಬೇಕು. ಆದ್ರೆ ಒಬ್ಬೊಬ್ಬರ ಮೇಲಿರೋ ಹತ್ತಾರು ಕೇಸಲ್ಲಿ ಎಷ್ಟೋ ಏನಪ್ಪ ಅಂದ್ರೆ ಗೋಡೆಗೆ ಪೋಸ್ಟರ್ ಅಂಟಿಸಿದ್ದು, ಕರಪತ್ರ ಹಂಚಿದ್ದು, ಮನೆಗೆ ಬಂದು ಅಕ್ಕಿ ತಗೊಂಡು ಹೋಗಿದ್ದು. ಅವನ್ನೆಲ್ಲ ಎಳೆದಾಡೋದ್ರಲ್ಲಿ ಅರ್ಥ ಇಲ್ಲ. ಕೇರಳದಲ್ಲಿರೋ ಕೇಸುಗಳ ಬಗ್ಗೆ ಬೆಂಗಳೂರು ಏನೂ ಮಾಡೋಕಾಗಲ್ಲ, ಅದು ಅಲ್ಲಿನ ಸರ್ಕಾರ, ಅಲ್ಲಿನ ಕೋರ್ಟು.

ಯುಎಪಿಎ ಇದ್ರೆ ಬೇಲೇ ಸಿಗಲ್ಲ ಅಂತಾರೆ, ಹಂಗಾದ್ರೆ ಶರಣಾಗಿ ಏನು ಪ್ರಯೋಜನ?

ಗಂಟು ಇರೋದು ಇಲ್ಲೇ, ಸ್ವಲ್ಪ ಉದ್ದ ಹೇಳ್ತೀನಿ. ಯುಎಪಿಎ ಅಂದ್ರೆ ಕಾನೂನುಬಾಹಿರ ಚಟುವಟಿಕೆ ತಡೆ ಕಾಯ್ದೆ, 1967ರದ್ದು, ಭಯೋತ್ಪಾದನೆ ವಿಷಯ ಒಳಗೆ ಬಂದಿದ್ದು 2004ರಲ್ಲಿ ಪೋಟಾ ಅನ್ನೋ ಭಯೋತ್ಪಾದನೆ ತಡೆ ಕಾಯ್ದೆ ರದ್ದಾದಾಗ. 2008ರಲ್ಲಿ ಮುಂಬೈ ದಾಳಿ ಆದ್ಮೇಲೆ 43ಡಿ ಕಲಂ 5ನೇ ಉಪಕಲಂ ಸೇರಿಸಿದ್ರು. ಆರೋಪ ಮೇಲ್ನೋಟಕ್ಕೆ ನಿಜ ಅಂತ ಕೋರ್ಟಿಗೆ ಅನ್ನಿಸಿದ್ರೆ ಬೇಲ್ ಕೊಡೋ ಹಾಗಿಲ್ಲ. ಬೇರೆ ಕೇಸಲ್ಲಿ 60 ಇಲ್ಲಾ 90 ದಿನದಲ್ಲಿ ಚಾರ್ಜ್‌ಶೀಟ್ ಹಾಕದಿದ್ರೆ ಬಿಡುಗಡೆ ಹಕ್ಕು, ಇಲ್ಲಿ 180 ದಿನದ ತನಕ ಎಳೀಬಹುದು. 2021ರಲ್ಲಿ ನಜೀಬ್ ಕೇಸಲ್ಲಿ ಸುಪ್ರೀಂ ಕೋರ್ಟು ವಿಚಾರಣೆ ಬೇಗ ಮುಗಿಯೋ ಲಕ್ಷಣ ಇಲ್ಲ, ವರ್ಷಗಟ್ಟಲೆ ಒಳಗಿದ್ದಾರೆ ಅಂದ್ರೆ ಬೇಲ್ ಕೊಡಬಹುದು ಅಂದಿದೆ. ಕಿಟಕಿ ಅದೊಂದೇ.

ಹಂಗಾಗಿ ನೀತೀಲಿ ಒಂದು ಕೈ ಬಾ ಅನ್ನುತ್ತೆ, ಕಾಯ್ದೇಲಿ ಇನ್ನೊಂದು ಕೈ ಬಾಗಿಲು ಹಾಕುತ್ತೆ. ಇದಕ್ಕೇ ವಿಶೇಷ ಕೋರ್ಟ್ ಮಾಡಿ ಕೇಸೆಲ್ಲ ಒಂದೇ ಕಡೆ ತಂದು ಬೇಗ ಮುಗಿಸಿ ಅಂತ ಶರಣಾದೋರು, ಮಧ್ಯಸ್ಥರು ಕೇಳಿದ್ದು. ಒಂದು ದಿನ ಶೃಂಗೇರಿ, ಒಂದು ದಿನ ಕಾರ್ಕಳ, ಇನ್ನೊಂದು ದಿನ ಕೇರಳ ಅಂತ ಎಸ್ಕಾರ್ಟ್ ವ್ಯಾನಲ್ಲಿ ಓಡಾಡಿಸಿದ್ರೆ, ಎಸ್ಕಾರ್ಟ್ ಇಲ್ಲ ಅಂತ ದಿನಾಂಕ ಮುಂದೆ ಹೋದ್ರೆ, ಸಾಕ್ಷಿಗಳೇ ವಯಸ್ಸಾಗಿ ತೀರಿಹೋಗ್ತಾರೆ. ನನ್ನ ಕಣ್ಣಾರೆ ನೋಡಿದೀನಿ, 2006ರ ಒಂದು ಪ್ರಕರಣದಲ್ಲಿ ಸಾಕ್ಷಿ ಕಟಕಟೆಗೆ ಬಂದು ಆರೋಪಿ ಮುಖ ನೋಡಿ, ಇವರಿಗೆ ಆಗ ಕೂದಲು ಕಪ್ಪಿತ್ತು ಸ್ವಾಮಿ, ಈಗ ಗುರ್ತು ಸಿಗ್ತಿಲ್ಲ ಅಂದ್ರು. ಜಡ್ಜ್ ಕೂಡ ನಕ್ಕುಬಿಟ್ರು.

ಬರೀ ಪುಸ್ತಕ ಇಟ್ಕೊಂಡಿದ್ದಕ್ಕೆ ಒಳಗೆ ಹಾಕ್ತಾರೆ ಅನ್ನೋದು ನಿಜನಾ?

ಆಗಿದೆ. ಮಲೆಕುಡಿಯ ಸಮುದಾಯದ ಒಬ್ಬ ಪತ್ರಿಕೋದ್ಯಮ ವಿದ್ಯಾರ್ಥಿಯನ್ನ 2012ರ ಮಾರ್ಚಲ್ಲಿ ಅಪ್ಪನ ಜೊತೆ ಅರೆಸ್ಟ್ ಮಾಡಿದ್ರು. ಜಪ್ತಿ ಮಾಡಿದ್ದು ಭಗತ್ ಸಿಂಗ್ ಬಗ್ಗೆ ಪುಸ್ತಕ, ಚಾಪುಡಿ, ಸಕ್ಕರೆ, ಇಂಥವು. ಬೇಡಿ ಹಾಕಿಸಿಕೊಂಡು ಪರೀಕ್ಷೆ ಬರೆದ ಹುಡುಗ. ಮಂಗಳೂರಿನ ಕೋರ್ಟು ಇಬ್ಬರನ್ನೂ ಖುಲಾಸೆ ಮಾಡಿದ್ದು 2021ರ ಅಕ್ಟೋಬರಲ್ಲಿ, ಪುಸ್ತಕ ಇಟ್ಕೊಂಡಿದ್ದಕ್ಕೆ ನಕ್ಸಲ್ ಅಂತ ಆಗಲ್ಲ ಅಂತ. ಲೆಕ್ಕ ಹಾಕಿ, ಒಂಬತ್ತೂವರೆ ವರ್ಷ. ಉಗ್ರವಾದ ತಡೆಯೋ ನೀತಿ ಅಂತ ಮಾತಾಡುವಾಗ ಇಂಥಾ ಒಂದೊಂದು ಕೇಸು ಎಷ್ಟು ಹುಡುಗರನ್ನ ಆ ಕಡೆ ತಳ್ಳಿರಬಹುದು ಅಂತ ಯಾರೂ ಲೆಕ್ಕ ಇಡಲ್ಲ.

ಛತ್ತೀಸ್‌ಗಢದಲ್ಲಿ ಹೊಡೆದೇ ಮುಗಿಸಿದ್ರಲ್ಲ, ನಮಗ್ಯಾಕೆ ಈ ಮಾತುಕತೆ?

2026ರ ಮಾರ್ಚ್ 31ರೊಳಗೆ ಮುಗಿಸ್ತೀವಿ ಅಂತ ಕೇಂದ್ರ ಗೃಹ ಸಚಿವ ಅಮಿತ್ ಶಾ ಗಡುವು ಇಟ್ಟಿದ್ದು, 2025ರ ಮೇ 21ಕ್ಕೆ ಅಬೂಜ್‌ಮಾಡದಲ್ಲಿ ಮಾವೋವಾದಿ ಪಕ್ಷದ ಪ್ರಧಾನ ಕಾರ್ಯದರ್ಶಿ ನಂಬಾಲ ಕೇಶವರಾವ್ ಸತ್ತಿದ್ದು, ಎಲ್ಲಾ ನಿಜ. ಆದ್ರೆ ಅಲ್ಲೂ ಅದೊಂದೇ ನಡೆದಿಲ್ಲ. ಅದೇ ವರ್ಷ ಅಕ್ಟೋಬರಲ್ಲಿ ಆ ಪಕ್ಷದ ದೊಡ್ಡ ನಾಯಕ ಮಲ್ಲೋಜುಲ ವೇಣುಗೋಪಾಲ ರಾವ್ ಸುಮಾರು 60 ಜನರ ಜೊತೆ ಪಕ್ಕದ ಮಹಾರಾಷ್ಟ್ರದ ಗಡ್‌ಚಿರೋಲೀಲಿ ಶರಣಾದ್ರು, ಅಲ್ಲೂ ಶರಣಾಗತಿ ಸ್ಕೀಮೇ. ಮತ್ತೆ ಛತ್ತೀಸ್‌ಗಢದಲ್ಲಿ ಸಾವಿರಗಟ್ಟಲೆ ಅರೆಸೇನಾ ಪಡೆಯೋರು, ನೂರಾರು ಕ್ಯಾಂಪು. ನಮ್ಮಲ್ಲಿ ಕೊನೆಗೆ ಉಳಿದಿದ್ದು ಬೆರಳೆಣಿಕೆ ಜನ, ಅವರಿಗಾಗಿ ಎಎನ್‌ಎಫ್‌ನಲ್ಲಿ ಆರುನೂರಕ್ಕೂ ಹೆಚ್ಚು ಜನ ಕಾಡಲ್ಲಿ. ಬರೀ ಖರ್ಚಿನ ಲೆಕ್ಕಕ್ಕೇ ಆರು ಜನಕ್ಕೆ ಕೊಟ್ಟ ದುಡ್ಡು ಏನೂ ಅಲ್ಲ.

ಎಎನ್‌ಎಫ್ ಈಗ ಏನ್ ಮಾಡ್ತಿದೆ?

ಒಂದು ಭಾಗವನ್ನ ತೆಗೆದು 2025ರ ಜೂನಲ್ಲಿ ಸ್ಪೆಷಲ್ ಆಕ್ಷನ್ ಫೋರ್ಸ್ ಮಾಡಿದ್ರು. 248 ಜನ, ದಕ್ಷಿಣ ಕನ್ನಡ, ಉಡುಪಿ, ಶಿವಮೊಗ್ಗಕ್ಕೆ, ಕೋಮು ಗಲಭೆ ತಡೆಯೋಕೆ. ಮಂಗಳೂರಲ್ಲಿ ಗೃಹ ಸಚಿವ ಪರಮೇಶ್ವರ್ ಉದ್ಘಾಟನೆ ಮಾಡಿದ್ರು. ಕಾಡಲ್ಲಿ ಹೆಜ್ಜೆ ಗುರುತು ಹುಡುಕೋದು ಕಲಿತೋರಿಗೆ ಪೇಟೆ ಬೀದೀಲಿ ವಾಟ್ಸಾಪ್ ಫಾರ್ವರ್ಡ್ ಹಿಡಿಯೋ ಕೆಲಸ, ಟ್ರೈನಿಂಗ್ ಬೇರೆನೇ ಬೇಕು.

ಹಂಗಾದ್ರೆ ಇದೇ ಶರಣಾಗತಿ ಮಾದರೀನ ಬೇರೆ ಉಗ್ರವಾದಕ್ಕೂ, ಕೋಮು ಕೊಲೆ ಮಾಡೋರಿಗೂ ತರಬಹುದಾ?

ಪೂರ್ತಿ ಆಗಲ್ಲ ಅಂತ ನನಗನ್ಸುತ್ತೆ. ನಕ್ಸಲರಿಗೆ ಒಂದು ಲಿಸ್ಟ್ ಇತ್ತು, ಹೆಸರು ಇತ್ತು, ಕಾಡಿತ್ತು, ಕಾಡಿಂದ ಹೊರಗೆ ಬರೋದು ಅನ್ನೋದು ಕಣ್ಣಿಗೆ ಕಾಣೋ ಕೆಲಸ. ಕೋಮು ದ್ವೇಷದಲ್ಲಿ ಕೊಲ್ಲೋನು ಬೆಳಿಗ್ಗೆ ಅಂಗಡಿ ತೆಗೀತಾನೆ, ಸಂಜೆ ಮನೆಗೆ ಹೋಗ್ತಾನೆ, ಅವನು ಎಲ್ಲಿಂದ ಹೊರಗೆ ಬರಬೇಕು? ಫೋನಲ್ಲಿ ವಿಡಿಯೋ ನೋಡ್ತಾ ನೋಡ್ತಾ ಉಗ್ರವಾದಕ್ಕೆ ಹೋಗೋ ಹುಡುಗನಿಗೂ ಇದೇ ಮಾತು. ಅಲ್ಲಿಗೆ ಕೇಸಿನ ಮುಂಚಿನ ಕೆಲಸ ಬೇಕು, ಮನೆಯೋರು, ಮೇಷ್ಟ್ರು, ಮಸೀದಿ-ದೇವಸ್ಥಾನದ ಹಿರಿಯರು ಪೊಲೀಸಿಗೆ ಹೆದರದೆ ಒಂದು ಮಾತು ಹೇಳೋ ಜಾಗ ಬೇಕು. ಈಗ ಹೇಳಿದ್ರೆ ಮಗನ ಮೇಲೆ ಯುಎಪಿಎ ಬೀಳುತ್ತೆ ಅಂತ ಗೊತ್ತಿದ್ರೆ ಯಾವ ಅಪ್ಪ ಬಂದು ಹೇಳ್ತಾನೆ?

ತಗೋಬಹುದಾದ್ದು ಒಂದಿದೆ, ಎರಡೂ ಕಡೆ ಕಾಲಿಡಬಲ್ಲ ಮಧ್ಯಸ್ಥರು. ಅಂಥೋರನ್ನ ಆದೇಶ ಹೊರಡಿಸಿ ತಯಾರು ಮಾಡೋಕಾಗಲ್ಲ, ದೊರೆಸ್ವಾಮಿಯವರ ಹಿಂದೆ ಎಷ್ಟು ದಶಕದ ಹೋರಾಟ ಇತ್ತು ನೋಡಿ.

ಶರಣಾದೋರು ಜೈಲಿಂದ ಬಂದ್ಮೇಲೆ ಊರಿನೋರು ಸೇರಿಸ್ಕೊಳ್ತಾರಾ?

ನಮ್ಮ ಕಡೆ ಜನ ಸೇರಿಸ್ಕೊಳ್ತಾರೆ, ಆದ್ರೆ ಒಂಚೂರು ದೂರ ಇಟ್ಟು. ಹಿಂದೆ ಬಂದ ಒಬ್ಬರು ನನ್ನ ಹತ್ರ ಸಹಿ ಹಾಕಿಸ್ಕೊಳ್ಳೋಕೆ ಬಂದಿದ್ರು, ಬ್ಯಾಂಕ್ ಖಾತೆಗೆ ಅಡ್ರೆಸ್ ಪ್ರೂಫ್ ಬೇಕಿತ್ತು. ರೇಷನ್ ಕಾರ್ಡಿನಿಂದ ಹೆಸರು ಯಾವತ್ತೋ ತೆಗೆದಿದ್ರು, ವೋಟರ್ ಲಿಸ್ಟಲ್ಲಿ ಇಲ್ಲ, ಆಧಾರ್ ಅನ್ನೋದು ಬಂದಾಗ ಅವರು ಕಾಡಲ್ಲಿ. ಪರಿಹಾರದ ಕಂತು ಜಮಾ ಆಗಬೇಕು ಅಂದ್ರೆ ಖಾತೆ ಬೇಕು, ಖಾತೆಗೆ ಆಧಾರ್ ಬೇಕು, ಆಧಾರಿಗೆ ವಿಳಾಸ ಬೇಕು. ಸರ್ಕಾರದ ಹತ್ರ ಇದ್ದ ಅವರ ಒಂದೇ ಒಂದು ದಾಖಲೆ ಎಫ್ಐಆರು. ಅದರಲ್ಲಿ ವಿಳಾಸ ಸರಿಯಾಗಿತ್ತು. ಕೌಂಟರಿನ ಹುಡುಗಿ ಅದನ್ನ ತಿರುಗಿಸಿ ತಿರುಗಿಸಿ ನೋಡಿ, ಸಾರ್ ಇದು ನಡೆಯಲ್ಲ, ಕರೆಂಟ್ ಬಿಲ್ ಇದ್ರೆ ತನ್ನಿ ಅಂದ್ಲು.